ಗಡಿ ಕೌಂಟಿಯ ಬಸಿರು ಜೋಳ

ಡಾಕ್ಟರ್ ಗುರುದೇವಿಯ ಫೋನಿನ ಪ್ರಕಾರ ಅವಳ ಅಡುಗೆಮನೆಯ ಅರ್ಧಭಾಗ ಕೆನಡಾದಲ್ಲಿದೆ. ಒಲೆಯ ಮುಂದೆ ನಿಂತರೆ ಅಮೆರಿಕ. ಪಾತ್ರೆ ತೊಳೆಯಲು ಸಿಂಕಿನ ಕಡೆ ಸರಿದರೆ ‘ಕೆನಡಾಕ್ಕೆ ಸ್ವಾಗತ’ ಎಂದು ಮೆಸೇಜು ಬರುತ್ತದೆ. ನದಿಯ ಆಚೆ ದಡದ ಟವರು ಈಚೆಯದಕ್ಕಿಂತ ಜೋರು, ಅಷ್ಟೇ ವಿಷಯ. ಗಂಡ ರೇವಣಪ್ಪ ಮಾತ್ರ ಅವಳು ಚಹಾದ ಕಪ್ಪು ತೊಳೆಯಲು ಎದ್ದಾಗಲೆಲ್ಲ "ಪಾಸ್‌ಪೋರ್ಟ್ ತಗೊಂಡೀಯೇನು?" ಎಂದು ಕೇಳುತ್ತಾನೆ. ಮೊದಲ ಸಲ ಅವಳು ನಕ್ಕಿದ್ದಳು. ಹದಿನೈದು ವರ್ಷವಾಯಿತು, ಅವನು ಇನ್ನೂ ಆ ಒಂದು ನಗುವಿನ ಬಡ್ಡಿ ತಿನ್ನುತ್ತಿದ್ದಾನೆ.

ಡೆಟ್ರಾಯ್ಟ್ ಬಿಟ್ಟು ಈಶಾನ್ಯಕ್ಕೆ ಗಂಟೆಗೂ ಮೇಲೆ ಡ್ರೈವ್ ಮಾಡಿದರೆ ಸಬ್‌ಡಿವಿಷನ್‌ಗಳು ಮುಗಿದು, ಮಾಲ್‌ಗಳು ಮುಗಿದು, ಕೊನೆಗೆ ಎಕ್ಸಿಟ್‌ಗಳೂ ಮುಗಿದ ಮೇಲೆ ಸಿಗುವ ಕೌಂಟಿ ಇದು. ಒಂದು ಕಡೆ ಕಣ್ಣು ಹಾಯುವಷ್ಟು ದೂರ ಸಕ್ಕರೆ ಗಡ್ಡೆ, ಸೋಯಾ, ಮೆಕ್ಕೆಜೋಳ. ಇನ್ನೊಂದು ಕಡೆ ಸೇಂಟ್ ಕ್ಲೇರ್ ನದಿ. ನದಿಯ ನಟ್ಟನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ, ಎರಡು ದೇಶಗಳ ಗಡಿ. ಗಡಿ ಎಂದರೆ ಮುಳ್ಳುತಂತಿ, ಮೀಸೆ, ಬಂದೂಕು ಎಂದು ತಿಳಿದಿದ್ದ ಗುರುದೇವಿಗೆ ಇದನ್ನು ಮೊದಲು ನೋಡಿದಾಗ ಮೋಸ ಹೋದ ಹಾಗಾಗಿತ್ತು. ಆಚೆ ದಡದಲ್ಲೂ ಅದೇ ಗಡ್ಡೆ, ಅದೇ ಕೆಂಪು ಕೊಟ್ಟಿಗೆ, ಅದೇ ಚರ್ಚು, ಬೊಗಳುವ ನಾಯಿಯೂ ಅದೇ ಜಾತಿ. ಇಷ್ಟಕ್ಕೆ ಎರಡು ದೇಶ ಯಾಕೆ ಬೇಕಿತ್ತು ಎಂಬುದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಮುದ್ದೇಬಿಹಾಳದ ಈ ಹೆಣ್ಣುಮಗಳು ಇಲ್ಲಿಗೆ ಬಂದದ್ದು ಪ್ರೀತಿಯಿಂದ ಅಲ್ಲ, ವೀಸಾದಿಂದ. ಡಾಕ್ಟರುಗಳು ಕಾಲಿಡದ ಹಳ್ಳಿಗಾಡಿನಲ್ಲಿ ಮೂರು ವರ್ಷ ದುಡಿದರೆ ಈ ದೇಶದಲ್ಲೇ ಉಳಿಯಬಹುದು ಎಂದು ಸರಕಾರ ಹೇಳಿತ್ತು. ಮೂರು ವರ್ಷ ತಾನೇ, ಕಣ್ಣುಮುಚ್ಚಿ ಕಳೆದರಾಯಿತು ಎಂದು ಅವಳು ಬಂದಳು. ಹೆರಿಗೆ ಡಾಕ್ಟರಿಗೆ ಕಣ್ಣು ಮುಚ್ಚಲು ಪುರುಸೊತ್ತೆಲ್ಲಿ? ಮೂರು ಹೋಗಿ ಮೂವತ್ತಾಯಿತು. ರೇವಣಪ್ಪ ದಿನಾ ಡೆಟ್ರಾಯ್ಟ್ ಪಕ್ಕದ ವಾರೆನ್‌ಗೆ ಹೋಗಿ ಕಾರಿನ ಸೀಟು ಹಿಂದೆಮುಂದೆ ಸರಿಯುವ ಕಂಬಿಗಳನ್ನು ಡಿಸೈನ್ ಮಾಡಿ ಬರುತ್ತಿದ್ದ. ಅವಳು ಊರಿನ ಸಣ್ಣ ಆಸ್ಪತ್ರೆಯಲ್ಲಿ ಕೌಂಟಿಯ ಜನಸಂಖ್ಯೆ ನೋಡಿಕೊಳ್ಳುತ್ತಿದ್ದಳು. ಇಲ್ಲಿ ಮೂವತ್ತರೊಳಗಿನ ಮುಕ್ಕಾಲು ಮಂದಿಯ ಅಂಡಿಗೆ ಮೊದಲ ಏಟು ಕೊಟ್ಟವಳು ಗುರುದೇವಿ. ಹಾಗಾಗಿ ಅವಳು ಯಾರಿಗೂ ಹೆದರಲಿಲ್ಲ. ಜೋರಾಗಿ ಓಡಿಸಿದಳೆಂದು ಅವಳ ಕಾರು ನಿಲ್ಲಿಸಿದ ಪೊಲೀಸನಿಗೆ, "ಹುಟ್ಟಿದಾಗ ನೀನೇನು ಕಡಿಮೆ ಅವಸರ ಮಾಡಿದ್ಯಾ? ನಾನು ಗ್ಲೌಸ್ ಹಾಕೋತನಕ ಕಾಯಲಿಲ್ಲ" ಎಂದು ಇಂಗ್ಲಿಷಿನಲ್ಲಿ ದಬಾಯಿಸಿ ಕಳಿಸಿದ್ದಳು.

ಹೆರಿಗೆ ಕೋಣೆಯಲ್ಲಿ ಮಾತ್ರ ಅವಳಿಗೆ ಇಂಗ್ಲಿಷ್ ನೆನಪಾಗುತ್ತಿರಲಿಲ್ಲ. ಕಡೆಯ ಗಳಿಗೆ ಬಂತೆಂದರೆ, ಮಲಗಿದವಳು ಜರ್ಮನ್ ಮೂಲದ ರೈತನ ಹೆಂಡತಿಯಿರಲಿ, ಬ್ಯಾಂಕಿನ ಮ್ಯಾನೇಜರಿರಲಿ, "ತಿಣುಕವ್ವಾ, ತಿಣುಕು" ಎಂದೇ ಕೂಗುತ್ತಿದ್ದಳು. ಅವರೂ ತಿಣುಕುತ್ತಿದ್ದರು. ಅಂಥ ಹೊತ್ತಿನಲ್ಲಿ ಭಾಷೆಯ ಬಗ್ಗೆ ಯಾರೂ ಜಗಳ ತೆಗೆಯುವುದಿಲ್ಲ.

ಆಮೇಲೆ ಟೈ ಕಟ್ಟಿಕೊಂಡ ಯಾರೋ ಬಂದು, ಹೆರಿಗೆ ವಾರ್ಡಿನಿಂದ ಆಸ್ಪತ್ರೆಗೆ ಗಿಟ್ಟುತ್ತಿಲ್ಲ ಎಂದು ಅದಕ್ಕೆ ಬೀಗ ಹಾಕಿದರು. ಈಗ ನೋವು ಬಂದ ಹೆಂಗಸರು ಐವತ್ತು ಮೈಲಿ ಆಚೆಯ ಊರಿಗೆ ಓಡಬೇಕು. ಗುರುದೇವಿ ಹಲ್ಲು ಕಚ್ಚಿ ಒಂದೆರಡು ವರ್ಷ ಬರೀ ಕ್ಲಿನಿಕ್ಕು ನಡೆಸಿದಳು. ಕಳೆದ ಚಳಿಗಾಲದಲ್ಲಿ ಸಾಕು ಮಾಡಿ ರಿಟೈರ್ ಆದಳು. ಹೆರಿಗೆ ಇಲ್ಲದ ಮೇಲೆ ಈ ಊರಿನಲ್ಲಿ ಉಳಿದದ್ದೇನು? ಹಿಮ, ಜಿಂಕೆ, ಮತ್ತು ಅಕ್ಟೋಬರ್ ಬಂತೆಂದರೆ ಮೂಗಿಗೆ ಹೊಡೆಯುವ ಗಡ್ಡೆಯ ನಾತ. ಅವಳಿಗೆ ಕೌಂಟಿಯ ಮೇಲೆ ಸಿಟ್ಟು ಬಂದಿತ್ತು. ಮೂವತ್ತು ವರ್ಷ ತಿಣುಕಿಸಿಕೊಂಡ ಊರು, ವಾರ್ಡು ಮುಚ್ಚಿದಾಗ ಒಂದು ಮಾತು ಆಡಲಿಲ್ಲ.

ಅವರ ಮಗಳು ಅಕ್ಷರಾ ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಲ್ಲಿ ಲಾಯರು. ಅವಳ ಪಕ್ಕದ ಟೌನ್‌ಹೌಸು ಚಳಿಗಾಲ ಬರುವಷ್ಟರಲ್ಲಿ ಖಾಲಿಯಾಗುವುದಿತ್ತು. ಅಲ್ಲಿ ಹಿಮ ತೆಗೆಯಲು ಬೇರೆಯವರು ಬರುತ್ತಾರೆ, ಮಾಲು ನಡೆದು ಹೋಗುವಷ್ಟು ಹತ್ತಿರ, ಕನ್ನಡ ಮಾತಾಡುವ ನಾಲ್ಕು ಮನೆಗಳಿವೆ. ಗುರುದೇವಿ ಹೊರಡಲು ತುದಿಗಾಲಲ್ಲಿ ನಿಂತಳು. ಅಡ್ಡ ಬಂದವನು ರೇವಣಪ್ಪ.

ಅವನಿಗೂ ಆಗಷ್ಟೇ ರಿಟೈರ್‌ಮೆಂಟು. ಮನೆಯಿಂದ ನದಿಯವರೆಗೆ ಹಬ್ಬಿದ ಜಾಗ ಅವರದೇ. ಅದರಲ್ಲಿ ಬಿಳಿಜೋಳ ಬೆಳೆದು, ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿ ಸೀತನಿ ತಿನ್ನಬೇಕು, ಮಿಚಿಗನ್ನಿನ ಅಷ್ಟೂ ಉತ್ತರ ಕರ್ನಾಟಕದ ಮಂದಿಗೆ ತಿನ್ನಿಸಬೇಕು ಎಂಬುದು ಅವನ ಹುಚ್ಚು. ಅವನಪ್ಪ ವಿಜಯಪುರದಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರು. ಇವನು ಜನ್ಮದಲ್ಲಿ ಕುರ್ಚಿಗೆ ಬಿಟ್ಟು ಬೇರೆ ಯಾವುದಕ್ಕೂ ಬೆವರು ಹತ್ತಿಸಿದವನಲ್ಲ. ಬೀಜವೆಂದು ತಂದದ್ದು ಟ್ರಾಯ್‌ನ ಇಂಡಿಯನ್ ಅಂಗಡಿಯ ಜೋಳದ ಪಾಕೀಟು.

"ಅದು ರೊಟ್ಟಿಗೆ ಬೀಸೋ ಜ್ವಾಳರಿ, ಬಿತ್ತೋದಲ್ಲ" ಎಂದಳು ಗುರುದೇವಿ.

"ಕಾಳಿಗೇನು ಗೊತ್ತಾಗತದ, ಅದನ್ನ ಬೀಸಾಕ ತಂದಾರೋ ಬಿತ್ತಾಕ ತಂದಾರೋ ಅಂತ."

ಈ ಉತ್ತರ ಕೇಳಿ ಅವಳಿಗೆ ಸಿಟ್ಟು ಬಂತು. ಅದೇ ಸಿಟ್ಟಿಗೆ ಪಣ ಕಟ್ಟಿದಳು. ಶೀಗಿ ಹುಣ್ಣಿಮೆ ಎಂದರೆ ಭೂಮಿತಾಯಿ ಬಸಿರಾದ ದಿನ. ಊರಲ್ಲಾದರೆ ಅವತ್ತು ಹೊಲಕ್ಕೆ ಹೋಗಿ, ಬಯಕೆಯ ಊಟ ಬಡಿಸಿ, ಪೈರಿಗೆ ಉಡಿ ತುಂಬಿ ಬರುತ್ತಾರೆ.

"ಶೀಗಿ ಹುಣ್ಣಿಮಿಗೆ ನಿಮ್ಮ ಜ್ವಾಳ ಬಸಿರಾಗಿದ್ರ ಇಲ್ಲೇ ಇರೂಣು. ಇರಲಿಕ್ಕಂದ್ರ ತುಟಿ ಪಿಟಕ್ಕನ್ನದ ಓಕ್ ಬ್ರೂಕಿಗೆ ಬರಬೇಕು."

"ಬಸಿರು ಹೌದೋ ಅಲ್ಲೋ ಹೇಳಾವ್ರು ಯಾರು?"

"ನಾನ. ಜೀವನಾ ಪೂರ್ತಿ ಮತ್ತೇನು ಮಾಡೀನಿ?"

ರೇವಣಪ್ಪ ಒಪ್ಪಿದ. ಹೆಂಡತಿಯ ಬಾಯಿ ಎಷ್ಟೇ ಕೆಟ್ಟದ್ದಿರಲಿ, ಬಸಿರಿನ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದನ್ನು ಅವನು ಕಂಡಿರಲಿಲ್ಲ. ಮದುವೆಗೆ ಮುಂಚೆ ಹೊಟ್ಟೆ ಬಂದ ಪಾದ್ರಿಯ ಮಗಳಿಗೂ, ಐವತ್ತಕ್ಕೆ ಹತ್ತಿರವಾಗಿ ಇನ್ನು ಮುಗಿಯಿತು ಎಂದುಕೊಂಡಿದ್ದ ಶಾಲೆಯ ಹೆಡ್‌ಮಿಸ್ಟ್ರೆಸ್‌ಗೂ ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದಳು.

ಜೂನಿನಲ್ಲಿ ಬಿತ್ತಿದ್ದಾಯಿತು. ಜೋಳ ಎದ್ದಿತು ನೋಡಿ. ಜುಲೈಯಲ್ಲಿ ಸೊಂಟಕ್ಕೆ, ಆಗಸ್ಟಿನಲ್ಲಿ ತಲೆಯ ಮೇಲಕ್ಕೆ, ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಕಿಟಕಿಯಿಂದ ನದಿಯೇ ಕಾಣದಾಯಿತು. ಅದಿರು ಹೊತ್ತ ದೊಡ್ಡ ಹಡಗುಗಳು ದಾಟುವಾಗ ಜೋಳದ ಗರಿಗಳ ಮೇಲೆ ಬರೀ ಅವುಗಳ ಚಿಮಣಿ ತೇಲುತ್ತಿತ್ತು. ರೇವಣಪ್ಪ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಕತ್ತೆತ್ತಿ ನೋಡಿ ಎದೆಯುಬ್ಬಿಸಿಕೊಂಡು ಬರುತ್ತಿದ್ದ. ಎತ್ತರವೇನೋ ಬಂತು, ತೆನೆಯ ಸುಳಿವಿಲ್ಲ.

ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆಗಿರುವ ಕಲ್ಮೇಶ್ ಒಂದು ಶನಿವಾರ ಬಂದು ನೋಡಿ, ಧಾರವಾಡದ ಕೃಷಿ ಕಾಲೇಜಿನಲ್ಲಿ ಪಾಠ ಮಾಡಿದ ತನ್ನ ಸೋದರಮಾವನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು.

"ಆಂಟಿ, ಇದು ಹಿಂಗಾರಿ ಜ್ವಾಳ ಅಂತ್ರಿ" ಎಂದು ಕಲ್ಮೇಶ್ ಬಂದು ವರದಿ ಒಪ್ಪಿಸಿದ. "ಹಗಲು ಸಣ್ಣದಾದ ಮ್ಯಾಲ ಅದಕ್ಕ ತೆನಿ ಹಾಕೋ ಬುದ್ಧಿ ಬರತೈತಂತ. ಇಲ್ಲಿ ಬ್ಯಾಸಗ್ಯಾಗ ರಾತ್ರಿ ಒಂಬತ್ತರ ಮಟಾ ಬಿಸಲು ಇರತೈತಿ. ಅದಕ್ಕ ವಯಸ್ಸಿಗೆ ಬಂದೀನಂತ ಗೊತ್ತಾಗೂದು ಯಾವಾಗ? ಗೊತ್ತಾಗೂದ್ರಾಗ ಥಂಡಿ ಬಂದು ಸತ್ತ ಹೋಗತೈತಂತ."

ಗುರುದೇವಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವತ್ತೇ ಅಕ್ಷರಾಗೆ ಫೋನ್ ಮಾಡಿ ಟೌನ್‌ಹೌಸಿನ ಕಿಟಕಿಗೆ ಯಾವ ಬಣ್ಣದ ಪರದೆ ಎಂದು ಮಾತಾಡಿದಳು. ರೇವಣಪ್ಪ ಮಾತ್ರ ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ ಕತ್ತೆತ್ತುವುದನ್ನು ಬಿಟ್ಟ. ಸಿಂಕಿನ ಹತ್ತಿರ ಹೋದರೆ ಪಾಸ್‌ಪೋರ್ಟ್ ಕೇಳುವುದನ್ನೂ ಬಿಟ್ಟ. ಪೀಡೆ ತೊಲಗಿತು ಎಂದುಕೊಂಡಳು ಗುರುದೇವಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಮೌನ ಅವಳ ತಲೆ ತಿನ್ನತೊಡಗಿತು.

ಶೀಗಿ ಹುಣ್ಣಿಮೆ ಬಂತು. ಟ್ರಾಯ್, ನೋವೈ ಕಡೆಗಳಿಂದ ಏಳೆಂಟು ಕಾರುಗಳು ಬಂದವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಎಲ್ಲ ಡಿಕ್ಕಿಗಳಿಂದ ಇಳಿದವು. ಕಲ್ಮೇಶನ ತಾಯಿ ನಿಂಗಮ್ಮ ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದಳು. ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು ಹಾಕಿಕೊಂಡು ಯಜಮಾನಿಕೆಯೆಲ್ಲ ಅವಳೇ ವಹಿಸಿಕೊಂಡಳು. ನದಿ ದಡದಿಂದ ಐದು ಕಲ್ಲು ಆರಿಸಿ ತರಿಸಿ, ಸುಣ್ಣ ಬಳಿದು, ಪಾಂಡವರೆಂದು ಹೊಲದ ಬದುವಿನಲ್ಲಿ ಕೂರಿಸಿದಳು. ಉಡಿ ತುಂಬಲು ಅಕ್ಕಿ, ಕಾಯಿ, ಅರಿಸಿನದ ಕೊಂಬು, ಖಣ ಜೋಡಿಸಿಟ್ಟಳು. ಆಮೇಲೆ ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಗೆ ಹಾಕಿ, ಚರಗ ಚೆಲ್ಲಲು ಗಂಡಸರನ್ನು ಅಟ್ಟಿದಳು. ಚರಗ ಚೆಲ್ಲುವುದೆಂದರೆ ಹೊಲದ ಸುತ್ತ ಓಡುತ್ತ, ಭೂಮಿತಾಯಿಗೆಂದು ಆ ಅನ್ನವನ್ನು ನಾಲ್ಕೂ ದಿಕ್ಕಿಗೆ ಎರಚುವುದು. ಬಾಯಿ ಮುಚ್ಚಿಕೊಂಡು ಎರಚುವ ಹಾಗಿಲ್ಲ, ಕೂಗಬೇಕು.

"ಹುಲ್ಲುಲ್ಲಿಗೋ" ಎಂದು ಮುಂದಿನವನು ಕೂಗಿದರೆ, "ಸಲಾಂಬ್ರಿಗೋ" ಎಂದು ಹಿಂದಿನ ಎಂಜಿನಿಯರುಗಳೆಲ್ಲ ಗಂಟಲು ಹರಿಯುವ ಹಾಗೆ ಕೂಗಿ, ಕೆನಡಾದ ದಿಕ್ಕಿಗೆ ಹಿಡಿಹಿಡಿ ಅನ್ನ ಎಸೆದರು.

ಇತ್ತ ಗುರುದೇವಿ ಚಾಕು ಹಿಡಿದು ಒಬ್ಬಳೇ ಜೋಳದೊಳಗೆ ನುಗ್ಗಿದಳು. ತಪಾಸಣೆಯ ಹೊತ್ತಿನಲ್ಲಿ ಗಂಡಂದಿರನ್ನು ಹತ್ತಿರ ಬಿಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಒಂದು ದಂಟು ಬಗ್ಗಿಸಿ ಸುಳಿಯನ್ನು ಉದ್ದಕ್ಕೆ ಸೀಳಿದಳು. ಖಾಲಿ. ಇನ್ನೊಂದು ಸೀಳಿದಳು, ಅದೂ ಖಾಲಿ. ಓಕ್ ಬ್ರೂಕಿನ ಪರದೆಗೆ ತಿಳಿ ಹಸಿರೇ ಸರಿ ಎಂದುಕೊಳ್ಳುತ್ತ ಮತ್ತೊಂದನ್ನು ಸೀಳಿದಳು.

ಎಲೆಯೊಳಗೆ ಎಲೆ, ಅದರೊಳಗೆ ಎಲೆ. ಎಲ್ಲಕ್ಕಿಂತ ಒಳಗೆ, ಅಕ್ಕಿಯ ನುಚ್ಚಿನಷ್ಟು ದೊಡ್ಡದೊಂದು ಬೆಳ್ಳನೆಯ ಗುಬುಟು. ಕನ್ನಡಕ ಏರಿಸಿ ನೋಡಿದಳು. ನುಚ್ಚಿನ ಮೈತುಂಬ ಸಾಸಿವೆಗಿಂತ ಸಣ್ಣ ಸಣ್ಣ ಗುಳ್ಳೆಗಳು. ತೆನೆ. ಹಗಲು ಸಣ್ಣದಾದ ಸುದ್ದಿ ಈ ಮಂದಬುದ್ಧಿಯ ಗಿಡಕ್ಕೆ ಅಂತೂ ತಲುಪಿತ್ತು.

ಗುರುದೇವಿ ಅದನ್ನು ಕಿತ್ತು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರೂ ನೋಡಿಲ್ಲ. ಬೀಸಿ ಒಗೆದರೆ ಮುಗಿಯಿತು. ನಾಳೆ ರಾತ್ರಿ ಇಬ್ಬನಿಯೇ ಹೆಪ್ಪುಗಟ್ಟುವ ಫ್ರಾಸ್ಟು ಬೀಳುತ್ತದೆಂದು ಹವಾಮಾನದವರು ಹೇಳಿದ್ದಾರೆ, ಹೇಗೂ ಸಾಯುವ ಪಿಂಡ. ಇಷ್ಟು ವರ್ಷ ಎಲ್ಲರಿಗೂ ನಿಜ ಹೇಳಿದ್ದಾಯಿತಲ್ಲ, ಒಂದು ಸಲ ಒಂದು ಹುಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದರೆ ಯಾವ ಶಿವ ಕೇಳುತ್ತಾನೆ? ಅವಳು ಮುಷ್ಟಿ ಬಿಗಿಹಿಡಿದೇ ಹೊಲದಿಂದ ಹೊರಬಂದಳು.

ಹೊರಗೆ ಬೇರೆಯೇ ಪ್ರಸಂಗ ನಡೆದಿತ್ತು. ದಾರಿಯಲ್ಲಿ ಹಸಿರು ಪಟ್ಟೆಯ ಬಿಳಿ ಗಾಡಿ ನಿಂತಿತ್ತು, ಗಡಿ ಕಾಯುವವರದು. ಒಂದು ಗುಂಪು ಜೋಳದ ಮರೆಯಲ್ಲಿ ಓಡುತ್ತ, ಏನೋ ಕೂಗುತ್ತ, ಕೆನಡಾದ ಕಡೆ ಏನನ್ನೋ ಎಸೆಯುತ್ತಿದೆ ಎಂದು ಪಕ್ಕದ ಹೊಲದವರು ಫೋನ್ ಮಾಡಿದ್ದರಂತೆ. ಹಸಿರು ಸಮವಸ್ತ್ರದ, ಸೊಂಟದಲ್ಲಿ ಪಿಸ್ತೂಲಿದ್ದ ಆಫೀಸರು ಒಬ್ಬಳು ಇಳಿದು ನಿಂತಿದ್ದಳು. ಎದೆಯ ಮೇಲೆ ಕ್ರೂಗರ್ ಎಂದು ಹೆಸರಿತ್ತು. ಕಲ್ಮೇಶ್ ಖಾಲಿ ಬುಟ್ಟಿ ಹಿಡಿದು ಅವಳಿಗೆ ವಿವರಿಸುತ್ತಿದ್ದ.

"ಮೇಡಂ, ಇದು ಬರೀ ಅನ್ನ. ಭೂಮಿ ಗರ್ಭಿಣಿ, ಅದಕ್ಕೆ ಊಟ ಹಾಕ್ತಿದ್ದೇವೆ."

ಇದರಿಂದ ಆಫೀಸರಿಗೆ ಸಮಾಧಾನವಾದಂತೆ ಕಾಣಲಿಲ್ಲ. "ಮತ್ತೆ ನದಿ ಕಾಣದ ಹಾಗೆ ಇದನ್ನ ಇಷ್ಟು ಎತ್ತರ ಯಾಕೆ ಬೆಳೆಸಿದೀರಿ?" ಎಂದು ಕೇಳಿದಳು. ರೇವಣಪ್ಪ ಬಹಳ ದಿನದ ಮೇಲೆ ಕತ್ತೆತ್ತಿ ಜೋಳ ನೋಡಿದ.

ಗುರುದೇವಿ ಪಿಸ್ತೂಲು ನೋಡಲಿಲ್ಲ. ಅದರ ಪಟ್ಟಿ ಹೊಟ್ಟೆಯ ಕೆಳಗೆ ಜಾರಿ ಕೂತಿದ್ದನ್ನೂ, ಅವಳು ಬೆನ್ನಿಗೆ ಕೈ ಕೊಟ್ಟು ನಿಂತ ರೀತಿಯನ್ನೂ ನೋಡಿದಳು.

"ಎಷ್ಟು ತಿಂಗಳು, ಐದು ಮುಗಿದು ಆರಾ?" ಎಂದಳು.

ಆಫೀಸರ್ ತಬ್ಬಿಬ್ಬಾದಳು. ಆಮೇಲೆ ಅವಳನ್ನೇ ದಿಟ್ಟಿಸಿ, "ನೀವು ಡಾಕ್ಟರ್ ಗುರು ಅಲ್ವಾ? ನಾನು ಮೇಗನ್. ಲೋರಿಯ ಮಗಳು. ಅಮ್ಮ ಈಗಲೂ, ಕಾರು ಹಿಮದಲ್ಲಿ ಸಿಕ್ಕಿಕೊಂಡು ನಾವೆಲ್ಲ ತಳ್ಳುವಾಗ, ‘ಟಿಣುಕು, ಟಿಣುಕು’ ಅಂತ ಕೂಗ್ತಾಳೆ" ಎಂದಳು.

"ಲೋರಿಯ ಮಗಳಾ? ಅಂಡು ಮುಂದೆ ಮಾಡಿ ಬಂದವಳು ನೀನು. ಇಡೀ ದಿನ ಸತಾಯಿಸಿದ್ದೆ. ಈಗ ಬಂದು ನನ್ನ ಜೋಳದ ತನಿಖೆ ಮಾಡ್ತೀಯಾ?"

ಸಮವಸ್ತ್ರದ ಗತ್ತು ಅಲ್ಲಿಗೆ ಇಳಿಯಿತು. ಜನವರಿ ಕೊನೆಗೆ ದಿನ ಎಂದು ಮೇಗನ್ ಹೇಳಿದಳು. ಹೆರಿಗೆಗೆ ಎಲ್ಲರ ಹಾಗೆ ಐವತ್ತು ಮೈಲಿ ಹೋಗಬೇಕು. ಗಂಡ ಕೌಂಟಿಯ ರಸ್ತೆಗಳ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ. ಅಂದರೆ ಹಿಮ ಬಿದ್ದ ದಿನವೇ ಅವನು ಮನೆಯಲ್ಲಿರುವುದಿಲ್ಲ. ಇದನ್ನೆಲ್ಲ ಅವಳು ನಗುತ್ತಲೇ ಹೇಳಿದಳು, ಕೈ ಮಾತ್ರ ಹೊಟ್ಟೆಯ ಮೇಲಿಂದ ಏಳಲಿಲ್ಲ.

ಅಷ್ಟರಲ್ಲಿ ನಿಂಗಮ್ಮ ಮೊರದೊಂದಿಗೆ ಬಂದಳು. "ಬಸಿರಿ ಹೆಣಮಗಳನ್ನ ಬರೀ ಉಡೀಲೆ ಕಳಸ್ತಾರೇನ? ಭೂಮ್ತಾಯಿ ನಾಳೆ ತಗೋತಾಳ. ಹಿಡಿಯವ್ವಾ ಉಡಿ."

ಸರಕಾರಿ ನೌಕರರು ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ಮೇಗನ್ ಹೇಳಿದಳು. ನಿಂಗಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಬಂದಿದ್ದರೂ ಕೇಳುತ್ತಿರಲಿಲ್ಲ. ಆಫೀಸರಿನ ಜಾಕೆಟ್ಟಿನ ಅಂಚನ್ನು ತಾನೇ ಎತ್ತಿ ಉಡಿ ಮಾಡಿ ಅವಳ ಕೈಗೆ ಹಿಡಿಸಿದಳು. ಅಕ್ಕಿ ಸುರಿದು, ತೆಂಗಿನಕಾಯಿ, ಅರಿಸಿನದ ಕೊಂಬು, ಖಣ ಇಟ್ಟು, ಹಣೆಗೆ ಕುಂಕುಮ ಹಚ್ಚಿದಳು. ಸೊಂಟದಲ್ಲಿ ಪಿಸ್ತೂಲು, ಉಡಿಯಲ್ಲಿ ಕಾಯಿ. ಭುಜದ ಮೇಲಿನ ವೈರ್‌ಲೆಸ್ಸಿನಲ್ಲಿ ಯಾರೋ, "ಅಲ್ಲೇನು ನಡೀತಿದೆ?" ಎಂದು ಕೇಳುತ್ತಿದ್ದರು.

"ಎಲ್ಲ ಸರಿಯಿದೆ. ಸ್ವಲ್ಪ ಅಕ್ಕಿ" ಎಂದಳು ಮೇಗನ್.

ಗಾಡಿ ಹತ್ತುವ ಮುಂಚೆ ತಿರುಗಿ, "ಡಾಕ್ಟರ್, ಜನವರಿಯಲ್ಲಿ ನೀವು ಇಲ್ಲೇ ಇರ್ತೀರಿ ಅಲ್ವಾ?" ಎಂದಳು. ಕೇಳಿದ್ದು ಅಷ್ಟೇ.

ರೇವಣಪ್ಪ ತನ್ನ ಬೂಟು ನೋಡುತ್ತ ನಿಂತ. ಕಲ್ಮೇಶ್ ಬುಟ್ಟಿ ನೋಡುತ್ತ ನಿಂತ. ಪಣದ ವಿಷಯ ಗೊತ್ತಿಲ್ಲದವಳು ಅಲ್ಲಿ ಆ ಹುಡುಗಿಯೊಬ್ಬಳೇ. ಟೈ ಕಟ್ಟಿದವರ ಮೇಲಿನ ಸಿಟ್ಟನ್ನು ತಾನು ಇಷ್ಟು ದಿನ ಯಾರ ಮೇಲೆ ಹಾಕಿಕೊಂಡು ತಿರುಗಿದೆ ಎಂದು ಗುರುದೇವಿಗೆ ಆಗ ಹೊಳೆಯಿತು. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಏನ್ರೀ" ಎಂದು ಗಂಡನನ್ನು ಕರೆದು ಮುಷ್ಟಿ ಬಿಚ್ಚಿದಳು. "ನೋಡ್ರಿ. ನಿಮ್ಮ ಜ್ವಾಳ ಬಸಿರದ."

ರೇವಣಪ್ಪ ಬಗ್ಗಿ ನೋಡಿದ. "ಎಲ್ಲಿ? ಇದಾ? ಹೇನು ಇದ್ದಂಗ ಅದಲ್ಲ."

"ಮೊದಲಿಗೆ ಎಲ್ಲಾ ಹಿಂಗ ಇರತಾವ. ನೀವೂ ಹಿಂಗ ಇದ್ರಿ." ಅದನ್ನು ಅವನ ಅಂಗೈಗೆ ಇಟ್ಟಳು. "ಆದ್ರ ಇದು ಹಡಿಯಂಗಿಲ್ಲ. ನಾಳೆ ಫ್ರಾಸ್ಟ್ ಬೀಳತದ."

"ಮಾತು ಬಸಿರಿಂದ ಆಗಿತ್ತು" ಎಂದ ರೇವಣಪ್ಪ ಮೆಲ್ಲಗೆ. "ಹಡಿಯೂದ್ರದ್ದು ಆಗಿರಲಿಲ್ಲ."

ಗುರುದೇವಿ ಮೇಗನ್ ಕಡೆ ತಿರುಗಿ, ಇರುತ್ತೇನೆಂದು ಇಂಗ್ಲಿಷಿನಲ್ಲಿ ಹೇಳಿ, ಫೋನ್ ನಂಬರು ಕೊಟ್ಟಳು. ಹಿಮ ಬೀಳುವ ಸುದ್ದಿ ಬಂದರೆ ಹಿಂದಿನ ದಿನವೇ ನನ್ನ ಕಾರಿನಲ್ಲಿ ಹೊರಡುವುದು, ಅಷ್ಟರೊಳಗೇ ಬಿದ್ದರೆ ಲಾರಿಯಲ್ಲಿ ಮುಂದೆ ದಾರಿ ಮಾಡಲು ನಿನ್ನ ಗಂಡನಿಗೆ ಹೇಳು ಎಂದೂ ಸೇರಿಸಿದಳು.

ಮರುದಿನ ರಾತ್ರಿ ಫ್ರಾಸ್ಟು ಬಿತ್ತು. ಬೆಳಗಾಗುವಷ್ಟರಲ್ಲಿ ಅಷ್ಟು ಎತ್ತರದ ಜೋಳ ಬಾಡಿ, ಗರಿ ಇಳಿಬಿಟ್ಟು ನಿಂತಿತ್ತು. ಕಿಟಕಿಯಿಂದ ನದಿ ಮತ್ತೆ ಕಾಣತೊಡಗಿತು. ಅಕ್ಷರಾಳ ಫೋನ್ ಬಂತು.

"ಅಮ್ಮಾ, ದೆ ಆರ್ ಆಸ್ಕಿಂಗ್ ಅಬೌಟ್ ದ ಹೌಸ್. ವಾಟ್ ಡು ಐ ಟೆಲ್ ದೆಮ್?"

"ಬ್ಯಾಡ ಅಂತ ಹೇಳವ್ವಾ. ಜನವರಿಯೊಳಗ ಒಂದು ಹೆರಿಗಿ ಅದ."

"ಯು ಆರ್ ರಿಟೈರ್ಡ್, ಅಮ್ಮಾ."

"ಬರೋ ಕೂಸಿಗೆ ಅದು ಗೊತ್ತಿಲ್ಲ."

ಫೋನ್ ಇಟ್ಟು ಎರಡೂ ಚಹಾದ ಕಪ್ಪು ಎತ್ತಿಕೊಂಡು ಸಿಂಕಿನ ಕಡೆ ನಡೆದಳು. ಜೇಬಿನಲ್ಲಿ ಫೋನು ಕೆನಡಾಕ್ಕೆ ಸ್ವಾಗತ ಹೇಳಿತು. ಟೇಬಲಿನ ಹತ್ತಿರ ರೇವಣಪ್ಪ ಬಾಯಿ ತೆರೆದವನು, ಬೇಡವೆಂದು ಮುಚ್ಚಿದ.

"ಕೇಳ್ರಿ" ಎಂದಳು ಗುರುದೇವಿ, ತಿರುಗಿ ನೋಡದೆ.

"ಪಾಸ್‌ಪೋರ್ಟ್ ತಗೊಂಡೀಯೇನು?"

"ಬ್ಯಾಡ" ಎಂದಳು ಅವಳು, ನೀರು ಬಿಡುತ್ತ. "ನಾ ಎಲ್ಲಿಗೂ ಹೊಂಟಿಲ್ಲ."